ಟಫ್‌ಬುಕ್ ಶೃಂಗಪ್ರತಿಷ್ಠಾಪನಾ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ವಿಷಯ, ಸಂಬಂಧ, ಅಧಿಕಾರಿ, ಪ್ರಯೋಜನ ಎಂಬ ನಾಲ್ಕನ್ನು ಆರಂಭದಲ್ಲೇ ಅರುಹಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯವೆಂದರೆ, ಒಳಗೆ ಶೃಂಗ, ಅಂದರೆ ಆಂಟೆನಾ, ಇರುವ ಲ್ಯಾಪ್‌ಟಾಪಿಗೆ ಹೊರಗೂ ಒಂದನ್ನು ನೆಡುವುದು. ಸಂಬಂಧವನ್ನು ಪಿಗ್‌ಟೇಲ್ ಎಂಬ ಸಣ್ಣ ವಯರು ಕಲ್ಪಿಸುತ್ತದೆ. ಸ್ಕ್ರೂಡ್ರೈವರ್ ಉಳ್ಳವನು, ವಾರಂಟಿ ತೀರಿದವನು, ಆ ಲ್ಯಾಪ್‌ಟಾಪ್ ನಾಳೆ ಬೆಳಿಗ್ಗೆ ಯಾರಿಗೂ ಬೇಕಾಗಿಲ್ಲದವನು ಅಧಿಕಾರಿ. ಪ್ರಯೋಜನವನ್ನು ಮುಂದೆಲ್ಲಾದರೂ ಹೇಳುತ್ತೇವೆ. ಈಗಲೇ ಹೇಳಿದರೆ ಓದುಗರು ಇಲ್ಲೇ ಎದ್ದುಹೋಗುವ ಭಯವಿದೆ.

ಈ ಶಾಸ್ತ್ರದ ಮೂಲವಿಗ್ರಹ ಪ್ಯಾನಸಾನಿಕ್ ಟಫ್‌ಬುಕ್. 1996ರಲ್ಲಿ ಮಾರುಕಟ್ಟೆಗೆ ಅವತರಿಸಿದ ಈ ವಂಶದ ಒಂದು ಪೀಳಿಗೆ ಸಿಎಫ್-31. ತೂಕ 3.7 ಕಿಲೋ ಆಸುಪಾಸು, ಹೊರಲು ಹಿಡಿಕೆಯುಂಟು. 180 ಸೆಂಟಿಮೀಟರ್ ಎತ್ತರದಿಂದ ಬಿದ್ದರೂ ಬದುಕಬೇಕೆಂಬ ಮಿಲಿಟರಿ ಪರೀಕ್ಷೆಯಲ್ಲಿ ಪಾಸಾಗಿದೆ. ಐಪಿ65 ಎಂಬ ಬಿರುದೂ ಇದೆ. ಅದರಲ್ಲಿ 6 ಎಂದರೆ ಧೂಳಿನ ಕಣವೂ ಒಳಗೆ ಹೋಗದು, 5 ಎಂದರೆ ಪೈಪಿನಲ್ಲಿ ನೀರು ಹೊಡೆದರೂ ಕೆಡದು. ಇಷ್ಟು ಭದ್ರವಾಗಿ ಮುಚ್ಚಿದ ಪೆಟ್ಟಿಗೆಗೆ ತೂತು ಕೊರೆಯುವ ವಿಧಾನವೇ ಈ ಗ್ರಂಥದ ಪ್ರತಿಪಾದ್ಯ.

‘ತೂತು ಏಕೆ?’ ಎಂದು ಪೂರ್ವಪಕ್ಷದವರು ಕೇಳುತ್ತಾರೆ. ಉತ್ತರವಿದೆ. ಈ ಲ್ಯಾಪ್‌ಟಾಪಿನ ಕವಚ ಮೆಗ್ನೀಸಿಯಂ ಮಿಶ್ರಲೋಹದ್ದು. ಲೋಹದ ಪೆಟ್ಟಿಗೆಯೊಳಗೆ ಹೊರಗಿನ ವಿದ್ಯುತ್ ಪ್ರಭಾವ ಇಳಿಯದೆಂದು ಮೈಕೆಲ್ ಫ್ಯಾರಡೆ 1836ರಲ್ಲೇ ತೋರಿಸಿದರು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 12 ಅಡಿ ಉದ್ದಗಲದ ಕೋಣೆಗೆ ಲೋಹದ ಹೊದಿಕೆ ಕಟ್ಟಿಸಿ ತಾವೇ ಒಳಗೆ ಹೋಗಿ ಕುಳಿತ ಮಹಾನುಭಾವರು ಅವರು. ಬಿದ್ದರೂ ಒಡೆಯದಂತೆ, ಒದ್ದೆಯಾಗದಂತೆ ಕಾಪಾಡುವ ಕವಚವೇ ವೈಫೈ ಅಲೆಯನ್ನೂ ಬಾಗಿಲಲ್ಲೇ ನಿಲ್ಲಿಸುತ್ತದೆ. ಆದ್ದರಿಂದ ಇಂಥ ಯಂತ್ರಗಳಲ್ಲಿ ತಯಾರಕರು ಆಂಟೆನಾವನ್ನು ಪರದೆಯ ಅಂಚಿನಲ್ಲಿ ಪ್ಲಾಸ್ಟಿಕ್ ಪಟ್ಟಿಯಡಿ ಅಡಗಿಸಿರುತ್ತಾರೆ. ಅಷ್ಟಕ್ಕೇ ತೃಪ್ತರಾದವರು ಅಂತಃಶೃಂಗವಾದಿಗಳು. ಅತೃಪ್ತರಾದ ನಾವು ಬಹಿಃಶೃಂಗವಾದಿಗಳು. ಎರಡು ಪಂಗಡಕ್ಕೂ ಬರುವ ಸಿಗ್ನಲ್ ಒಂದೇ ಮನೆಯ ರೂಟರಿನದು.

ಆಂಟೆನಾ ಪರಂಪರೆಯ ಬಗ್ಗೆ ಒಂದು ಮಾತು, ವಿಷಯಕ್ಕೆ ನೇರವಾಗಿ ಸಂಬಂಧಿಸದಿದ್ದರೂ. 1926ರ ಸುಮಾರಿಗೆ ಜಪಾನಿನ ತೊಹೊಕು ಇಂಪೀರಿಯಲ್ ವಿಶ್ವವಿದ್ಯಾಲಯದ ಹಿದೆತ್ಸುಗು ಯಾಗಿ ಮತ್ತು ಶಿಂತಾರೊ ಉಡ ಕಡ್ಡಿಗಳನ್ನು ಸಾಲಾಗಿ ಜೋಡಿಸಿ ಹೊಸ ಬಗೆಯ ಆಂಟೆನಾ ರೂಪಿಸಿದರು. ಸ್ವದೇಶದಲ್ಲಿ ಹೆಚ್ಚು ಜನ ಗಮನಿಸಲಿಲ್ಲ. 1942ರಲ್ಲಿ ಸಿಂಗಪುರವನ್ನು ಗೆದ್ದ ಜಪಾನಿ ಸೇನೆಗೆ ಬ್ರಿಟಿಷರ ರೇಡಾರ್ ಟಿಪ್ಪಣಿಗಳಲ್ಲಿ ‘ಯಾಗಿ’ ಎಂಬ ಪದ ಸಿಕ್ಕಿ, ಅರ್ಥವಾಗದೆ, ಕೊನೆಗೆ ಸೆರೆಯಾಳೊಬ್ಬ ಅದು ನಿಮ್ಮವರದೇ ಹೆಸರೆಂದು ತಿಳಿಸಬೇಕಾಯಿತು. 1980ರ ದಶಕದಲ್ಲಿ ನಮ್ಮ ಹೆಂಚಿನ ಮನೆಗಳ ಮೇಲೆ ದೂರದರ್ಶನಕ್ಕಾಗಿ ನಿಂತದ್ದೂ ಅದೇ ಆಂಟೆನಾ. ಮೇಲಿಂದ ‘ಬಂತೇನೋ?’, ಕೆಳಗಿಂದ ‘ಇನ್ನೊಂಚೂರು ಬಸ್‌ಸ್ಟ್ಯಾಂಡ್ ಕಡೆ ತಿರುಗ್ಸಣ್ಣಾ’ ಎಂದು ನಡೆಯುತ್ತಿದ್ದ ಪ್ರಶ್ನೋತ್ತರವೇ ಈ ಶಾಸ್ತ್ರದ ಅತಿ ಪ್ರಾಚೀನ ಕನ್ನಡ ಪಾಠವೆಂದು ನಮ್ಮ ಮತ.

ಇನ್ನು ಕ್ರಿಯಾಭಾಗ. ಲ್ಯಾಪ್‌ಟಾಪ್ ಬಿಚ್ಚಿ ವೈಫೈ ಕಾರ್ಡನ್ನು ಪತ್ತೆಮಾಡಬೇಕು. ಅದರ ಮೇಲೆ ಸಾಸಿವೆಗಿಂತ ತುಸು ದೊಡ್ಡದಾದ ಬಂಗಾರಬಣ್ಣದ ಗುಂಡಿಗಳಿರುತ್ತವೆ. ಇವು ಪಿಗ್‌ಟೇಲಿನ ಒಂದು ತುದಿ ಕೂರುವ ಯು.ಎಫ್.ಎಲ್. ಕನೆಕ್ಟರುಗಳು. ಇವನ್ನು ಸುಮಾರು 30 ಸಲ ಮಾತ್ರ ಹಾಕಿ ತೆಗೆಯಬಹುದೆಂದು ತಯಾರಿಸಿದವರೇ ಬರೆದಿದ್ದಾರೆ. ಕಿತ್ತು ನೋಡುವುದೇ ಜ್ಞಾನಮಾರ್ಗವೆಂದು ನಂಬಿದವರಿಗೆ ಇದು ಅಲ್ಪಾಯುಷ್ಯ. ಈಚಿನ ಎಂ.2 ಕಾರ್ಡುಗಳಲ್ಲಿ ಗುಂಡಿ ಇನ್ನೂ ಚಿಕ್ಕದು. ಹಳೆಯ ಪಿಗ್‌ಟೇಲ್ ಅದಕ್ಕೆ ಕೂರುವುದಿಲ್ಲ. ಒತ್ತಿದರೆ ಕೂರುತ್ತದೆಂದು ಭಾವಿಸಿದವರು ಹೊಸ ಕಾರ್ಡ್ ಕೊಂಡಿದ್ದಾರೆ.

ಪಿಗ್‌ಟೇಲಿನ ಇನ್ನೊಂದು ತುದಿಯನ್ನು ಕವಚದಿಂದ ಹೊರಗೆ ತರಲು ಸುಮಾರು 6.5 ಮಿಲಿಮೀಟರ್ ರಂಧ್ರ ಬೇಕು. ಹಳೆಯ ಮಾದರಿಗಳಲ್ಲಿ ಈಗ ಯಾರಿಗೂ ಬೇಡವಾದ ಮೋಡೆಮ್ ಕಿಂಡಿಯುಂಟು. ಅದರ ಮೂಲಕವೇ ವಯರು ಎಳೆಯಬಹುದು. ಇದು ವಿವೇಕಿಗಳ ಮಾರ್ಗವಾದ್ದರಿಂದ ಹೆಚ್ಚು ವಿಸ್ತರಿಸುವುದಿಲ್ಲ. ಡ್ರಿಲ್ಲಿಂಗ್ ಮಾಡಿಸಲು ವರ್ಕ್‌ಶಾಪಿಗೆ ಹೋದರೆ ಸಂವಾದ ಹೀಗೆ ಸಾಗುತ್ತದೆ:

‘ಏನ್ ಸಾರ್, ಗಟ್ಟಿಮುಟ್ಟಾಗೈತೆ, ಇದಕ್ಯಾಕೆ ತೂತು?’

‘ಆಂಟೆನಾ ಹಾಕ್ಬೇಕಪ್ಪಾ.’

‘ಒಳಗಿಲ್ವಾ ಸಾರ್?’

‘ಇದೆ.’

‘ಕೆಟ್ಟೋಗೈತಾ?’

‘ಇಲ್ಲ, ಚೆನ್ನಾಗಿದೆ.’

ಇಲ್ಲಿಗೆ ಪೂರ್ವಪಕ್ಷದ ಅತ್ಯಂತ ಬಲಿಷ್ಠ ವಾದ ಮುಗಿಯಿತು. ಇದಕ್ಕೆ ನಮ್ಮಲ್ಲಿ ಖಂಡನೆಯಿಲ್ಲದ ಕಾರಣ ಮುಂದೆ ಸಾಗುತ್ತೇವೆ.

ತಮಾಷೆ ಬದಿಗಿಟ್ಟು ಹೇಳಬೇಕಾದ್ದೊಂದಿದೆ. ಮೆಗ್ನೀಸಿಯಂ ಗಟ್ಟಿಯಾಗಿರುವಾಗ ಸಾಧು, ಪುಡಿಯಾದಾಗ ರೌದ್ರ. ಕೊರೆದಾಗ ಉದುರುವ ಸಣ್ಣ ಚೂರುಗಳಿಗೆ ಬೆಂಕಿ ತಗಲಿದರೆ ಕಣ್ಣು ಕೋರೈಸುವ ಬೆಳಕಿನಲ್ಲಿ ಉರಿಯುತ್ತವೆ. ಆಗ ನೀರು ಸುರಿಯಲೇಬಾರದು. ಉರಿಯುವ ಮೆಗ್ನೀಸಿಯಂ ನೀರಿನಿಂದ ಹೈಡ್ರೋಜನ್ ಬಿಡಿಸಿ ಬೆಂಕಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಪಕ್ಕದಲ್ಲಿ ಒಣಮರಳು ಇರಲಿ. ಚೂರುಗಳು ಮದರ್‌ಬೋರ್ಡಿನ ಮೇಲೆ ಬೀಳದಂತೆ ಕವಚವನ್ನು ಮೊದಲೇ ಬೇರ್ಪಡಿಸಿಕೊಳ್ಳಿ. ರಂಧ್ರಕ್ಕೆ ರಬ್ಬರ್ ಉಂಗುರ ತೊಡಿಸಿ ಸಿಲಿಕೋನ್ ಮೆತ್ತಿದರೆ ಐಪಿ65 ಮರಳಿ ಬಂದಂತೆ ಭಾಸವಾಗುತ್ತದೆ. ಭಾಸವೆಂಬುದು ವೇದಾಂತದಲ್ಲಿ ಮಾನ್ಯ, ಮಳೆಯಲ್ಲಿ ಅಲ್ಲ.

ಈ ಶಾಸ್ತ್ರದ ಅತಿ ಕಗ್ಗಂಟಿನ ಅಧ್ಯಾಯ ಲಿಂಗವ್ಯತ್ಯಯ. ಹೊರಗಿನ ಕನೆಕ್ಟರಿಗೆ ಎಸ್.ಎಂ.ಎ. ಎಂದು ಹೆಸರು. ಅದರಲ್ಲಿ ಮೇಲ್ ಎನಿಸಿಕೊಂಡದ್ದರ ನಡುವೆ ಸೂಜಿ, ಫೀಮೇಲಿನ ನಡುವೆ ರಂಧ್ರ. ಇಷ್ಟು ಸರಳವಾಗಿದ್ದದ್ದು ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್.ಸಿ.ಸಿ.ಯ ಕಣ್ಣಿಗೆ ಬಿತ್ತು. ಸಾಮಾನ್ಯ ಜನ ಅಂಗಡಿಯಿಂದ ದೊಡ್ಡ ಆಂಟೆನಾ ತಂದು ಸಿಕ್ಕಸಿಕ್ಕಲ್ಲಿ ತಿರುಪಬಾರದು, ಆದ್ದರಿಂದ ಕನೆಕ್ಟರು ಅಸಾಮಾನ್ಯವಾಗಿರಬೇಕು ಎಂದು ನಿಯಮ. ತಯಾರಕರು ಮರೆ ತಿರುಪನ್ನು ಹಾಗೇ ಉಳಿಸಿ, ಸೂಜಿ ರಂಧ್ರಗಳನ್ನು ಅದಲುಬದಲು ಮಾಡಿ ಆರ್.ಪಿ.-ಎಸ್.ಎಂ.ಎ. ಎಂದು ಕರೆದರು. ಸ್ವಲ್ಪ ಕಾಲದಲ್ಲೇ ಆ ಅಸಾಮಾನ್ಯ ಕನೆಕ್ಟರಿನ ಆಂಟೆನಾಗಳು ಎಲ್ಲ ಅಂಗಡಿಯಲ್ಲೂ ಬಂದವು. ಕೊಳ್ಳದಂತೆ ತಡೆಯಬೇಕಾಗಿದ್ದ ನಿಯಮದಿಂದ ಉಳಿದದ್ದು ಗೊಂದಲ ಮಾತ್ರ.

ಗೊಂದಲದ ಪರಿ ಹೀಗೆ. ಎಸ್.ಎಂ.ಎ. ಫೀಮೇಲಿಗೆ ಆರ್.ಪಿ. ಮೇಲನ್ನು ತಿರುಪಿದರೆ ಮರೆ ಸೊಗಸಾಗಿ ಬಿಗಿಯುತ್ತದೆ, ಒಳಗೆ ರಂಧ್ರಕ್ಕೆ ರಂಧ್ರ ಎದುರಾಗಿ ಶೂನ್ಯಸಂಪರ್ಕ ಉಂಟಾಗುತ್ತದೆ. ಇನ್ನೊಂದು ಜೋಡಣೆಯಲ್ಲಿ ಸೂಜಿಗೆ ಸೂಜಿ ಡಿಕ್ಕಿ ಹೊಡೆದು ಎರಡೂ ಡೊಂಕಾಗುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವವರು ಹೆಸರು ಹೇಳಿ ಕೇಳದೆ, ನಡುವೆ ಇಣುಕಿ ನೋಡಿ ದುಡ್ಡು ಕೊಡಬೇಕು.

ಪ್ರಯೋಜನ ಹೇಳುತ್ತೇವೆಂದಿದ್ದೆವು. ಆಂಟೆನಾ ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಜೋಳದ ಹಿಟ್ಟಿನ ಮುದ್ದೆಯನ್ನು ತಟ್ಟಿದಷ್ಟೂ ರೊಟ್ಟಿ ಅಗಲವಾಗುತ್ತದೆ, ಹಿಟ್ಟೇನೂ ಹೆಚ್ಚುವುದಿಲ್ಲ. ಆಂಟೆನಾದ ಗೇನ್ ಎಂಬುದೂ ಅಷ್ಟೇ. ಸುತ್ತಲೂ ಹರಡುವ ಆಂಟೆನಾದಲ್ಲಿ ಗೇನ್ ಹೆಚ್ಚಾದರೆ ಅಕ್ಕಪಕ್ಕಕ್ಕೆ ದೂರ ಹೋಗುತ್ತದೆ, ಮಹಡಿ ಮೇಲಿನ ರೂಟರಿಗೆ ಮೊದಲಿಗಿಂತ ಕಡಿಮೆ ಸಿಗುತ್ತದೆ. ಒಳಗಿನ ಆಂಟೆನಾ 2 ಡೆಸಿಬೆಲ್, ಕೊಂಡು ತಂದದ್ದು 5 ಡೆಸಿಬೆಲ್ ಎಂದಿಟ್ಟುಕೊಳ್ಳಿ. ಲಾಭ 3, ಅಂದರೆ ಶಕ್ತಿ ಇಮ್ಮಡಿ. ಸಂತೋಷದಿಂದ ಆಂಟೆನಾವನ್ನು ಕಿಟಕಿಗೆ ಕಟ್ಟಲು 3 ಮೀಟರ್ ತೆಳು ಕೇಬಲ್ ಎಳೆಯುತ್ತೀರಿ. ಆರ್.ಜಿ.-174 ಎಂಬ ಅಂಥ ಕೇಬಲ್ 2.4 ಗಿಗಾಹರ್ಟ್ಸ್‌ನಲ್ಲಿ ಮೀಟರಿಗೆ ಹೆಚ್ಚುಕಡಿಮೆ 2 ಡೆಸಿಬೆಲ್ ನುಂಗುತ್ತದೆ. ಒಟ್ಟು 6, ನಾಲ್ಕರಲ್ಲಿ ಮೂರು ಪಾಲು ದಾರಿಯಲ್ಲೇ ಸ್ವಾಹಾ. ದಪ್ಪ ಕೇಬಲ್ ಹಾಕಿದರೆ ನಷ್ಟ ತಗ್ಗುತ್ತದೆ, ಆದರೆ ಅದು ಬಾಗುವುದಿಲ್ಲ, ನೀವೇ ಬಾಗಬೇಕು.

ಕಾನೂನು ಮೀರಿದ ರೋಮಾಂಚನವಾದರೂ ಸಿಗುತ್ತದೆಯೇ ಎಂದರೆ ಅದೂ ಇಲ್ಲ. ಈ ತರಂಗಪಟ್ಟಿಯಲ್ಲಿ ಭಾರತ ಸರ್ಕಾರ 2005ರಲ್ಲೇ ಆಂಟೆನಾ ಸೇರಿ 4 ವ್ಯಾಟ್‌ವರೆಗೆ ಲೈಸೆನ್ಸ್ ಇಲ್ಲದೆ ಬಿಟ್ಟುಕೊಟ್ಟಿದೆ. 100 ಮಿಲಿವ್ಯಾಟ್ ಕಾರ್ಡಿಗೆ 5 ಡೆಸಿಬೆಲ್ ಸೇರಿಸಿದರೆ ಅರ್ಧ ವ್ಯಾಟೂ ಆಗದು.

ನಿಜವಾದ ಪ್ರಯೋಜನ ಕಾಣುವುದು ಕಾರಿನಲ್ಲಿ. ಕಾರೂ ಒಂದು ಲೋಹದ ಪೆಟ್ಟಿಗೆ. ಆಂಟೆನಾ ಅದರ ಚಾವಣಿಗೇರಿದರೆ ಲೋಕ ಬದಲಾಗುತ್ತದೆ. ಅಮೆರಿಕದ ಪೊಲೀಸ್ ಕಾರುಗಳಲ್ಲಿ ಟಫ್‌ಬುಕ್ಕನ್ನು ಡಾಕ್ ಮೇಲೆ ಕೂರಿಸುತ್ತಾರೆ. ಇದಕ್ಕಾಗಿಯೇ ಹಲವು ಮಾದರಿಗಳ ತಳದಲ್ಲಿ ಹೊರಗಿನ ಆಂಟೆನಾ ಸಂಪರ್ಕಕ್ಕೆಂದು ಕಾರ್ಖಾನೆಯಲ್ಲೇ ಮಾಡಿಟ್ಟ ಕಿಂಡಿ ಇರುತ್ತದೆ. ಹೌದು, ತಳದಲ್ಲಿ. ಡ್ರಿಲ್ ಹಿಡಿಯುವ ಮೊದಲು ಲ್ಯಾಪ್‌ಟಾಪನ್ನು ಒಮ್ಮೆ ಮಗುಚಿ ನೋಡಬೇಕೆಂಬ ವಿಧಿ ಈ ಗ್ರಂಥದ ಆರಂಭದಲ್ಲಿ ಬಾರದೆ ಇಲ್ಲಿ ಬಂದದ್ದು ಶಾಸ್ತ್ರದ ಹಿತದೃಷ್ಟಿಯಿಂದ.

ಉಳಿದದ್ದು ಯು.ಎಸ್.ಬಿ. ಪಂಥದ ಖಂಡನೆ. ಈ ಅರ್ವಾಚೀನರು ಆಂಟೆನಾ ಸಮೇತ ಸಿಗುವ ಯು.ಎಸ್.ಬಿ. ವೈಫೈ ಅಡಾಪ್ಟರ್ ತರುತ್ತಾರೆ, 5 ಮೀಟರಿನೊಳಗಿನ ಯು.ಎಸ್.ಬಿ. ಕೇಬಲ್ ಹಾಕಿ ಕಿಟಕಿಯಲ್ಲಿಡುತ್ತಾರೆ. ಆ ಕೇಬಲಿನಲ್ಲಿ ಹರಿಯುವುದು ಅಂಕಿಗಳಾದ್ದರಿಂದ ಡೆಸಿಬೆಲ್ ಸೋರುವುದಿಲ್ಲ. ರಂಧ್ರವಿಲ್ಲ, ಮೆಗ್ನೀಸಿಯಂ ಬೆಂಕಿಯಿಲ್ಲ, ಲಿಂಗವ್ಯತ್ಯಯದ ಕಾಟವೂ ಇಲ್ಲ. ಸಿಗ್ನಲ್ ಪೂರ್ತಿ ಬರುತ್ತದೆ. ಇವರ ಮತವನ್ನು ನಾವು ಒಪ್ಪುವುದಿಲ್ಲ, ಏಕೆಂದರೆ ಇದರಲ್ಲಿರುವುದು ಕೇವಲ ಉಪಯೋಗ.