ಕಿಲ್ಲೆಯ ಮಾವಳೆಗೆ ಯಾವ ಬಣ್ಣ?

ದೀಪಾವಳಿ ಹತ್ತಿರ ಬಂತೆಂದರೆ ಮಹಾರಾಷ್ಟ್ರದ ನಮ್ಮ ಜತ್ತ ತಾಲೂಕಿನ ಅಂಗಳಗಳಲ್ಲಿ ಎರಡು ಕೆಲಸ ಜೊತೆಜೊತೆಗೇ ಸಾಗುತ್ತವೆ. ಮನೆಯ ಹೆಣ್ಣುಮಕ್ಕಳು ಸಗಣಿಯ ಪಾಂಡವರನ್ನು ಮಾಡಲು ಕೂಡುತ್ತಾರೆ. ಹುಡುಗರು ಕಲ್ಲು, ಹಳೇ ಗೋಣಿಚೀಲ, ಕೆಸರು ಹೊತ್ತು ತಂದು ಶಿವಾಜಿ ಮಹಾರಾಜರ ಕಿಲ್ಲೆ ಕಟ್ಟುತ್ತಾರೆ. ಕನ್ನಡ ಶಾಲೆಯ ಹುಡುಗನಿರಲಿ, ಮರಾಠಿ ಶಾಲೆಯವನಿರಲಿ, ಕಿಲ್ಲೆ ಕಟ್ಟುವ ಹುರುಪಿನಲ್ಲಿ ಭೇದವಿಲ್ಲ. 2025ರ ಜುಲೈನಲ್ಲಿ ಯುನೆಸ್ಕೊ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ರಾಯಗಡ, ಪ್ರತಾಪಗಡ, ನಮಗೆ ಸಮೀಪದ ಪನ್ಹಾಳಗಡ ಎಲ್ಲ ಅದರಲ್ಲಿವೆ. ಹುಡುಗರಿಗೆ ಮಾದರಿಯ ಕೊರತೆಯಿಲ್ಲ. ಕಿಲ್ಲೆ ಎದ್ದ ಮೇಲೆ ಅದರ ಮೇಲೆ ಸಾಸಿವೆ, ಅಳ್ವಿ ಬಿತ್ತಿ ಹಸಿರು ಬರಿಸುತ್ತಾರೆ. ಆಮೇಲೆ ತೋಫು, ಸಿಂಹಾಸನ, ಬುರುಜಿಗೊಬ್ಬ ಮಾವಳೆ, ಅಂದರೆ ಶಿವಾಜಿಯ ಸೈನಿಕನ ಗೊಂಬೆ.

ಆ ಮಾವಳೆಗಳ ವಿಷಯಕ್ಕೇ ಬೇಲಿಯಾಚೆಯ ಕಾಕಾ ಮೊಮ್ಮಗನ ಪರವಾಗಿ ಮಾತಿಗೆ ನಿಂತಿದ್ದರು.

"ತಮ್ಮಾ, ನಮ್ಮ ಹುಡುಗ ಕುಂಬಾರರ ಕಡೆಯಿಂದ ಬಣ್ಣ ಇಲ್ಲದ ಗೊಂಬಿ ತಂದಾನ. ತಾನ ಹಚ್ತಾನಂತ. ಕಾರಹುಣ್ಣಿವಿಗೆ ಎತ್ತಿನ ಕೋಡಿಗೆ ಹಚ್ಚಿದ ಆಯಿಲ್ ಪೇಂಟ್ ಡಬ್ಬ್ಯಾಗ ಒಂದೀಟು ಉಳದೈತಿ. ಅದನ್ನ ಕೊಡ್ಲೇನು?"

"ಬ್ಯಾಡ್ರಿ ಕಾಕಾ. ಬೆರಳುದ್ದದ ಮಾವಳೆಗೆ ಅದು ನಡ್ಯೂದಿಲ್ಲ."

"ಯಾಕ? ಗಟ್ಟಿ ಬಣ್ಣ ಅದು. ಮಳಿ ಬಂದ್ರೂ ಹೋಗೂದಿಲ್ಲ."

ಗಟ್ಟಿ ಎನ್ನುವುದು ನಿಜ. ಆದರೆ ಆಯಿಲ್ ಪೇಂಟ್ ದಪ್ಪ. ಕುಂಬಾರನು ಅಚ್ಚಿನಲ್ಲಿ ಎತ್ತಿದ ಮೀಸೆ, ಪೇಟದ ಸುತ್ತು, ನಡುಕಟ್ಟಿನ ಮಡಿಕೆ ಎಲ್ಲ ಕೂದಲೆಳೆಯಷ್ಟು ಆಳದವು. ದಪ್ಪ ಬಣ್ಣ ಒಂದೇ ಸಲಕ್ಕೆ ಅವನ್ನೆಲ್ಲ ತುಂಬಿಬಿಡುತ್ತದೆ. ಒಣಗಲು ಒಂದು ರಾತ್ರಿ ಬೇಕು, ಬ್ರಶ್ ತೊಳೆಯಲು ಥಿನ್ನರ್ ಬೇಕು, ಆ ವಾಸನೆ ಮಕ್ಕಳ ಮೂಗಿಗೆ ಒಳ್ಳೆಯದಲ್ಲ. ಇನ್ನೊಂದು ಮುಖ್ಯ ಮಾತಿದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು; ಅದು ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಡಬ್ಬಿ ಅಟ್ಟದ ಮೇಲಿದ್ದರೆ ಅದನ್ನು ಮಕ್ಕಳ ಕೈಗೆ ಕೊಡಲೇಬಾರದು.

"ಹಂಗಾರ ಸಾಲ್ಯಾಗ ಹಚ್ತಾರಲ್ಲ, ಆ ಸಣ್ಣ ಬಾಟ್ಲಿ ಬಣ್ಣ?"

"ಅದು ಪೋಸ್ಟರ್ ಕಲರ್ ರೀ. ಚಿತ್ರಕ್ಕ ಚೊಲೋ. ಆದ್ರ ನಿಮ್ಮ ಮೊಮ್ಮಗ ಕಿಲ್ಲೇದ ಮ್ಯಾಲಿನ ಸಾಸಿವಿಗೆ ದಿನಾ ಮುಂಜಾನೆ ನೀರು ಚಿಮುಕಿಸ್ತಾನ ಇಲ್ಲೋ?"

"ಚಿಮುಕಿಸ್ತಾನ."

"ಎರಡನೇ ದಿನಕ್ಕ ಮಾವಳೆಯ ಅಂಗಿ ಬಣ್ಣ ಕಾಲಿಗೆ ಇಳೀತೈತಿ."

ಪೋಸ್ಟರ್ ಬಣ್ಣವನ್ನು ಹಿಡಿದಿಡುವುದು ನೀರಿಗೆ ಮತ್ತೆ ಕರಗುವ ಅಂಟು. ಆಕ್ರಿಲಿಕ್‌ನ ಗುಣ ಬೇರೆ. ಬಣ್ಣದ ಪುಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಆಕ್ರಿಲಿಕ್ ಪ್ಲಾಸ್ಟಿಕ್ಕಿನ ಕಣಗಳು, ನೀರು, ಈ ಮೂರು ಅದರಲ್ಲಿರುತ್ತವೆ. ನೀರು ಆರುತ್ತಾ ಹೋದಂತೆ ಕಣಗಳು ಒಂದಕ್ಕೊಂದು ಒತ್ತಿಕೊಂಡು ಕೂಡಿ ತೆಳು ಪೊರೆಯಾಗುತ್ತವೆ, ಪುಡಿ ಆ ಪೊರೆಯೊಳಗೆ ನೆಲೆ ನಿಲ್ಲುತ್ತದೆ. ಹಸಿಯಿದ್ದಾಗ ನೀರಿನಲ್ಲಿ ತೊಳೆಯಬಹುದು, ಒಣಗಿದ ಮೇಲೆ ನೀರಿಗೆ ಕರಗದು. ಒಂದರ ಮೇಲೊಂದು ಲೇಪ ಕೊಟ್ಟರೂ ಕೆಳಗಿನದು ಎದ್ದು ಬರುವುದಿಲ್ಲ. ಸಣ್ಣ ಗೊಂಬೆಗೆ ಬೇಕಾದದ್ದೇ ಇದು.

ಕಾಕಾಗೆ ನೆನಪಾಯಿತು. "ಪುಣೇದಾಗಿನ ನಮ್ಮ ಅಳಿಯನ ಹುಡುಗ ರಜಾಕ್ಕ ಬಂದಾಗ ಪ್ಲಾಸ್ಟಿಕ್ ಸೈನಿಕರನ್ನ ತಂದಿದ್ದ ನೋಡು. ಮೇಜಿನ ಮ್ಯಾಲೆ ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ ಆಡ್ತಾರಂತ. ಒಂದೊಂದಕ್ಕ ತಾಸುಗಟ್ಟಲೆ ಬಣ್ಣ ಹಚ್ಚಾಂವ. ಅವನ ಬಣ್ಣಾನೂ ಇದಾ ಏನು?"

ಇದೇ. ಆಟಿಕೆ ಸೈನಿಕರನ್ನು ನೆಲದ ಮೇಲೆ ಹೂಡಿ ಆಡುವುದಕ್ಕೆ ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲೇ 'ಲಿಟಲ್ ವಾರ್ಸ್' ಎಂಬ ಪುಸ್ತಕದಲ್ಲಿ ನಿಯಮ ಬರೆದಿದ್ದ. ಇವತ್ತಿನ ಮೇಜಿನಾಟದ ಗೊಂಬೆಗಳು ಹೆಚ್ಚಾಗಿ 28ರಿಂದ 32 ಮಿಲಿಮೀಟರ್ ಎತ್ತರದವು, ನಮ್ಮ ಮಾವಳೆಗಿಂತಲೂ ಗಿಡ್ಡ. ಅವುಗಳಿಗೆಂದೇ ತಯಾರಾಗುವ ಆಕ್ರಿಲಿಕ್‌ಗಳಿವೆ. ಇಂಗ್ಲೆಂಡಿನ ಸಿಟಡೆಲ್ ಮುಚ್ಚಳದ ಡಬ್ಬಿಯಲ್ಲಿ ಬರುತ್ತದೆ, ಸ್ಪೇನಿನ ವಯೇಹೊ ಹನಿ ಬಾಟಲಿಯಲ್ಲಿ ಬರುತ್ತದೆ. ಹನಿ ಬಾಟಲಿಯ ಅನುಕೂಲ ದೊಡ್ಡದು: ಎರಡು ಹನಿ ಬೇಕಾದರೆ ಎರಡೇ ಹನಿ ಬೀಳುತ್ತದೆ, ಉಳಿದ ಬಣ್ಣಕ್ಕೆ ಗಾಳಿ ತಾಗುವುದಿಲ್ಲ. ಈ ಬಣ್ಣಗಳಲ್ಲಿ ಪುಡಿಯನ್ನು ಬಹಳ ನುಣ್ಣಗೆ ಅರೆದಿರುತ್ತಾರೆ, ಅದರ ಪ್ರಮಾಣವೂ ಹೆಚ್ಚು. ಆದ್ದರಿಂದ ನೀರು ಬೆರೆಸಿ ತೆಳು ಮಾಡಿದರೂ ಕೆಳಗಿನದನ್ನು ಮುಚ್ಚುತ್ತವೆ.

ನಾನು ಹೇಳಬೇಕೆಂದಿರುವ ಮಾತಿನ ತಿರುಳು ಇಲ್ಲಿದೆ. ಅಂಗಡಿಯಲ್ಲಿ ನಾವು ನೋಡುವುದು ಬಾಟಲಿಯ ಹೊಳಪು. ನೋಡಬೇಕಾದದ್ದು ತೆಳುವಾದಾಗಲೂ ಮುಚ್ಚುವ ಗುಣ. ಸಣ್ಣ ಗೊಂಬೆಗೆ ದಪ್ಪನೆಯ ಒಂದು ಲೇಪಕ್ಕಿಂತ ತೆಳ್ಳನೆಯ ಎರಡು ಲೇಪ ಮೇಲು, ಯಾವಾಗಲೂ ಮೇಲು. ಅಗ್ಗದ ಬಣ್ಣದಲ್ಲಿ ಸುಣ್ಣದಂಥ ಭರ್ತಿ ಹೆಚ್ಚಿರುತ್ತದೆ. ನೀರು ತಾಗಿದ ಕೂಡಲೇ ಅದು ಬೂದಿಬೂದಿಯಾಗಿ ಒಡೆದು ನಿಲ್ಲುತ್ತದೆ.

"ಅದನ್ನ ಅಂಗಡ್ಯಾಗ ನಿಂತು ಹೆಂಗ ತಿಳ್ಕೊಳ್ಳೂದು?"

"ಬಾಟ್ಲಿ ಮ್ಯಾಲೆ ಸಣ್ಣ ಚೌಕ ಇರ್ತೈತ್ರಿ ಕಾಕಾ. ಕಲಾವಿದರ ಬಣ್ಣದಾಗ ಭಾಳಷ್ಟಕ್ಕ ಇರ್ತೈತಿ. ಚೌಕ ತುಂಬಿದ್ರ ಮುಚ್ಚೂ ಬಣ್ಣ, ಖಾಲಿ ಇದ್ರ ಪಾರದರ್ಶಕ, ಅರ್ಧ ತುಂಬಿದ್ರ ನಡುಮಧ್ಯದ್ದು. ಮನ್ಯಾಗ ತಂದ ಮ್ಯಾಲೆ ಇನ್ನೊಂದು ಪರೀಕ್ಷೆ. ಬಿಳಿ ಹಾಳಿ ಮ್ಯಾಲೆ ಕರಿ ಗೆರಿ ಎಳದು, ಅದರ ಮ್ಯಾಲೆ ಒಂದು ತೆಳು ಲೇಪ ಹಚ್ಚಿ ನೋಡ್ರಿ. ಗೆರಿ ಎಷ್ಟು ಮಾಸ್ತೈತಿ, ಬಣ್ಣ ಅಷ್ಟು ಚೊಲೋ."

ವಿದೇಶಿ ಬಾಟಲಿ ಒಂದಕ್ಕೇ ನೂರಾರು ರೂಪಾಯಿ. ಕಿಲ್ಲೆಗೆ ಅಷ್ಟು ಬೇಕಿಲ್ಲ. ಜತ್ತಿನ ಇಲ್ಲವೆ ಮಿರಜಿನ ಸ್ಟೇಶನರಿ ಅಂಗಡಿಯಲ್ಲಿ ಕ್ಯಾಮಲ್ ಮತ್ತು ಫೆವಿಕ್ರಿಲ್ ಆಕ್ರಿಲಿಕ್‌ಗಳನ್ನು ಕೇಳಬಹುದು. ಕ್ಯಾಮಲ್ ನಮ್ಮ ಮಹಾರಾಷ್ಟ್ರದ್ದೇ. ದಾಂಡೇಕರರು 1931ರಲ್ಲಿ ಶಾಯಿಪುಡಿಯಿಂದ ಶುರು ಮಾಡಿದ ಉದ್ಯಮ ಅದು. ಕೊಳ್ಳುವಾಗ ಒಂದು ಎಚ್ಚರ: ಬಟ್ಟೆಗೆ ಹಚ್ಚುವ ಆಕ್ರಿಲಿಕ್ ಬೇರೆ, ಕಲಾವಿದರ ಆಕ್ರಿಲಿಕ್ ಬೇರೆ. ಬಟ್ಟೆಯದು ಮಡಚಿದರೂ ಬಿರಿಯದಂತೆ ಮೆತ್ತಗಿರುತ್ತದೆ. ಮಕ್ಕಳು ಹಿಡಿದು ಆಡುವ ಗೊಂಬೆಗೆ ಕಲಾವಿದರದ್ದೇ ಸರಿ. ಹೊಳೆಯುವ ಬಣ್ಣಕ್ಕಿಂತ ಮ್ಯಾಟ್ ಬಣ್ಣ ಒಳ್ಳೆಯದು. ಹೊಳಪಿನಲ್ಲಿ ಮುಖದ ಗೆರೆಗಳು ಕಾಣದೇ ಹೋಗುತ್ತವೆ.

ಇಪ್ಪತ್ತು ಬಾಟಲಿಯ ಸೆಟ್ಟು ಕೊಳ್ಳುವುದನ್ನು ಬಿಡಿ. ಬಿಳಿ, ಕಪ್ಪು, ಕೆಂಪು, ಹಳದಿ, ಅಲ್ಟ್ರಾಮರೀನ್ ನೀಲಿ, ಯೆಲ್ಲೊ ಓಕರ್, ಬರ್ನ್ಟ್ ಸಿಯೆನಾ, ಬರ್ನ್ಟ್ ಅಂಬರ್ ಇಷ್ಟು ತನ್ನಿ. ಭಗವಾ ಬಣ್ಣ ಕೆಂಪು ಹಳದಿ ಸೇರಿಸಿದರೆ ಬರುತ್ತದೆ. ಹಳದಿಗೆ ನೀಲಿ ಸೇರಿಸಿದರೆ ಗಿಡದ ಹಸಿರು. ನೀಲಿಗೆ ಅಂಬರ್ ಸೇರಿಸಿದರೆ ಬಾಟಲಿಯ ಕಪ್ಪಿಗಿಂತ ಜೀವಂತವಾದ ಕಪ್ಪು ಸಿಗುತ್ತದೆ, ಮೀಸೆಗೆ ಅದೇ ಚೆಂದ. ಬಿಳಿಯಲ್ಲಿ ಮಾತ್ರ ಜುಗ್ಗತನ ಬೇಡ. ಟೈಟಾನಿಯಂ ಬಿಳಿ ಎಂದು ಬರೆದದ್ದನ್ನೇ ಕೇಳಿ, ಚೆನ್ನಾಗಿ ಮುಚ್ಚುವ ಬಿಳಿ ಅದು.

ಮೈಬಣ್ಣದ ಬಗ್ಗೆ ನನಗೆ ಬಹಳ ಆಸ್ಥೆ. ಅಂಗಡಿಯಲ್ಲಿ 'ಫ್ಲೆಶ್ ಟಿಂಟ್' ಎಂಬ ಬಾಟಲಿ ಇರುತ್ತದೆ, ನಸುಗುಲಾಬಿ. ಮಕ್ಕಳು ಅದನ್ನೇ ಮನುಷ್ಯರ ಬಣ್ಣವೆಂದು ನಂಬಿ ಮಾವಳೆಯ ಮುಖಕ್ಕೆ ಬಳಿಯುತ್ತಾರೆ. ಸಹ್ಯಾದ್ರಿಯ ಬಿಸಿಲಿನಲ್ಲಿ ಬೆಟ್ಟ ಹತ್ತಿದ ರೈತಮಕ್ಕಳು ಆ ಮಾವಳೆಗಳು. ಅವರ ಮೈಬಣ್ಣ ನಮ್ಮ ಉಮದಿ, ಸಂಖ, ಮಾಡಗ್ಯಾಳದ ಹೊಲದಲ್ಲಿ ದುಡಿಯುವವರ ಬಣ್ಣವೇ. ಬರ್ನ್ಟ್ ಸಿಯೆನಾಕ್ಕೆ ಸ್ವಲ್ಪ ಓಕರ್, ಸ್ವಲ್ಪೇ ಬಿಳಿ ಸೇರಿಸಿದರೆ ಆ ಬಣ್ಣ ಸಿಗುತ್ತದೆ. ಅಂಬರ್ ಹೆಚ್ಚಿಸಿದರೆ ಇನ್ನೂ ಕಪ್ಪು, ಓಕರ್ ಹೆಚ್ಚಿಸಿದರೆ ಗೋಧಿ ಬಣ್ಣ. ನಾಲ್ಕು ಮಾವಳೆಗೆ ನಾಲ್ಕು ಮೈಬಣ್ಣ ಬರಲಿ. ಹುಡುಗ ಒಂದು ಸಲ ತನ್ನ ಮುಂಗೈ ನೋಡಿಕೊಂಡು ಬಣ್ಣ ಕಲಸಿದನೆಂದರೆ ಆ ಪಾಠ ಜನ್ಮಕ್ಕೂ ಮರೆಯುವುದಿಲ್ಲ.

ಕಾಕಾ ಒಂದು ಗೊಂಬೆಯನ್ನು ಬೇಲಿಯ ಮೇಲಿಂದ ಚಾಚಿದರು. "ಮಾಡಿ ತೋರ್ಸು."

ಮೊದಲು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಧೂಳು ಕೊಡವಿದೆ. ಸುಟ್ಟ ಮಣ್ಣು ನೀರು ಹೀರುತ್ತದೆ, ನೇರ ಬಣ್ಣ ಹಚ್ಚಿದರೆ ಅರ್ಧ ಅದರ ಹೊಟ್ಟೆಗೇ ಹೋಗುತ್ತದೆ. ಅದಕ್ಕೇ ಮೊದಲು ನೀರು ಬೆರೆಸಿದ ಬಿಳಿಯ ಒಂದು ಅಸ್ತರಿ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರೂ ಮರದ ಗೊಂಬೆಗೆ ಬಣ್ಣ ಮುಟ್ಟಿಸುವ ಮುನ್ನ ಕಲ್ಲುಪುಡಿ ಅಂಟು ಕಲಸಿದ ಲೇಪ ಕೊಟ್ಟು ನುಣುಪು ಮಾಡುತ್ತಾರೆ. ಪ್ಲಾಸ್ಟಿಕ್ ಸೈನಿಕನಾದರೆ ಸಾಬೂನು ನೀರಿನಲ್ಲಿ ತೊಳೆದು ಪ್ರೈಮರ್ ಹೊಡೆಯಬೇಕು. ಅಚ್ಚಿನ ಎಣ್ಣೆ ಉಳಿದಿದ್ದರೆ ಬಣ್ಣ ಉಗುರಿಗೇ ಎದ್ದು ಬರುತ್ತದೆ.

ಬಿಳಿ ಅಸ್ತರಿಗೆ ಇನ್ನೊಂದು ಕಾರಣವೂ ಇದೆ. ಹಳದಿ, ಕೆಂಪು ಹುಟ್ಟಾ ತೆಳು ಬಣ್ಣಗಳು. ಕಪ್ಪಿನ ಮೇಲೆ ಹಳದಿ ಹಚ್ಚಿದರೆ ಪಾಚಿ ಹಸಿರಾಗಿ ಕಾಣುತ್ತದೆ, ಬಿಳಿಯ ಮೇಲೆ ಹಚ್ಚಿದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ. ಭಗವಾ ಪೇಟ ಬೆಳಗಬೇಕಾದರೆ ಅದರ ಕೆಳಗೆ ಬಿಳಿ ಇರಲೇಬೇಕು.

ಪೇಟಕ್ಕೆ ಎರಡು ತೆಳು ಲೇಪ ಕೊಟ್ಟು ಒಣಗಲು ಬಿಟ್ಟೆ. ಅಂಬರ್‌ಗೆ ಬಹಳಷ್ಟು ನೀರು ಬೆರೆಸಿ, ಡಿಕಾಕ್ಷನ್ನಿನಷ್ಟು ತೆಳುವಾದ ಆ ನೀರನ್ನು ಪೇಟದ ಮೇಲೆ ಹರಿಸಿದೆ. ಅದು ತಾನಾಗಿ ಮಡಿಕೆಗಳಿಗೆ ಇಳಿದು ನಿಂತಿತು. ಒಣಗಿದ ಮೇಲೆ ಒಂದೊಂದು ಸುತ್ತೂ ಬೇರೆಬೇರೆಯಾಗಿ ಎದ್ದಿತು. ಕೊನೆಗೆ ಬ್ರಶ್ಶಿಗೆ ತಿಳಿ ಕಿತ್ತಳೆ ಅದ್ದಿ, ಅದನ್ನು ಚಿಂದಿಗೆ ಒರೆಸಿ ಒರೆಸಿ ಹೆಚ್ಚುಕಡಿಮೆ ಒಣಗಿಸಿ, ಸುತ್ತಿನ ಏಣುಗಳ ಮೇಲಷ್ಟೇ ಹಗುರಾಗಿ ಎಳೆದೆ. ಏಣುಗಳಿಗೆ ಮಾತ್ರ ಬೆಳಕು ಹತ್ತಿತು.

"ಅರೆ, ಅರಿವಿ ಸುತ್ತಿಧಂಗ ಕಾಣಾಕತ್ತೈತಲ್ಲೊ!" ಎಂದರು ಕಾಕಾ.

ನಮ್ಮ ಸೀಮೆಯ ಒಣಹವೆಗೆ ಒಂದು ಉಪಾಯ ಬೇಕು. ಇಲ್ಲಿ ತಟ್ಟೆಗೆ ಹಾಕಿದ ಆಕ್ರಿಲಿಕ್ ನೋಡನೋಡುತ್ತ ಗಟ್ಟಿಯಾಗುತ್ತದೆ. ಊಟದ ಡಬ್ಬಿಯ ಚಪ್ಪಟೆ ಮುಚ್ಚಳದಲ್ಲಿ ಒದ್ದೆ ಅರಿವೆ ಮಡಚಿಟ್ಟು, ಅದರ ಮೇಲೆ ಬಟರ್ ಪೇಪರ್ ಹಾಸಿ ಬಣ್ಣ ಕಲಸಿದರೆ ಕೆಳಗಿನ ತೇವ ಮೇಲೇರುತ್ತಾ ಬಹಳ ಹೊತ್ತು ಹಸಿಯಾಗಿರಿಸುತ್ತದೆ. ಬೋರಿನ ಸವಳು ನೀರು ಬೆರೆಸಬೇಡಿ, ಒಣಗಿದಾಗ ಬಿಳಿ ಕಲೆ ಉಳಿಯುತ್ತದೆ. ಕುಡಿಯುವ ಫಿಲ್ಟರ್ ನೀರು ಸಾಕು. ಬ್ರಶ್ ಬಲು ಸಣ್ಣದು ಬೇಡ. ಅದರ ತುದಿಯ ಬಣ್ಣ ಗೊಂಬೆ ಮುಟ್ಟುವ ಮೊದಲೇ ಒಣಗುತ್ತದೆ. ಚೂಪು ತುದಿಯ 1 ಅಥವಾ 2ನೇ ನಂಬರಿನ ಉರುಟು ಬ್ರಶ್ ಕಣ್ಣಿನ ಬೊಟ್ಟಿಡುವುದಕ್ಕೂ ಆಗುತ್ತದೆ. ಕತ್ತಿಗೆ ಬಂಗಾರ, ಬೆಳ್ಳಿ ಬಣ್ಣ ಹಚ್ಚಿದರೆ ಬ್ರಶ್ ತೊಳೆಯಲು ಬೇರೆ ನೀರಿರಲಿ; ಅದರ ಮಿಂಚಿನ ಚೂರುಗಳು ಉಳಿದ ಬಣ್ಣಕ್ಕೆಲ್ಲ ಸೇರಿಕೊಳ್ಳುತ್ತವೆ. ಎಲ್ಲ ಮುಗಿದ ಮೇಲೆ ಒಂದು ದಿನ ಬಿಟ್ಟು ಮ್ಯಾಟ್ ವಾರ್ನಿಶ್ ಕೊಟ್ಟರೆ ಮಕ್ಕಳ ಕೈಯ ಬೆವರಿಗೂ ಜಗ್ಗುವುದಿಲ್ಲ.

"ಹಂಗಾರ ಈ ಬಾಟ್ಲಿ ಇಟ್ಕೊಂಡು ಮಣ್ಣೆತ್ತಿನ ಅಮಾಸಿಗೂ ಎತ್ತಿಗೆ ಹಚ್ಚಬಹುದು, ಅಲ್ಲೇನು?"

"ಅದಕ್ಕ ಬ್ಯಾಡ್ರಿ ಕಾಕಾ. ಮಣ್ಣೆತ್ತು, ಗಣಪ್ಪ ನೀರಿಗೆ ಹೋಗೂವು. ಆಕ್ರಿಲಿಕ್ ಅಂದ್ರ ಪ್ಲಾಸ್ಟಿಕ್. ಕೆರಿಗೆ, ಬಾವಿಗೆ ಪ್ಲಾಸ್ಟಿಕ್ ಯಾಕ ಹಾಕೂದು? ಅವಕ್ಕ ಕೆಮ್ಮಣ್ಣು, ಸುಣ್ಣ, ಅರಿಶಿಣ ಸಾಕು. ಮಣ್ಣಿನಂಗ ಇದ್ರಂತೂ ಇನ್ನೂ ಚೊಲೋ."

ಬಣ್ಣ ಆರಿಸುವ ಮೊದಲ ಪ್ರಶ್ನೆ ಇದೇ ಆಗಬೇಕೆಂದು ನನ್ನ ಗಟ್ಟಿ ನಂಬಿಕೆ: ಈ ಗೊಂಬೆ ಎಷ್ಟು ದಿನ ಬಾಳಬೇಕು? ನಾಲ್ಕು ದಿನಕ್ಕೆ ಮಣ್ಣಿಗೆ ಮರಳುವುದಕ್ಕೆ ಮಣ್ಣಿನ ಬಣ್ಣವೇ ಸರಿ. ಕಿಲ್ಲೆಯ ಮಾವಳೆ ಹಾಗಲ್ಲ. ಹಬ್ಬ ಮುಗಿದ ಮೇಲೆ ಕಿಲ್ಲೆ ಕರಗಿದರೂ ಅವನನ್ನು ಒರೆಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ತೆಗೆಯುತ್ತೇವೆ. ಅಂಥವನಿಗೆ ಎಂಟು ಒಳ್ಳೆಯ ಬಾಟಲಿ ಕೊಳ್ಳುವುದು ದುಂದಲ್ಲ. ಬಾಟಲಿಯ ಬಾಯಿ ಒರೆಸಿ ಬಿಗಿಯಾಗಿ ಮುಚ್ಚಿಟ್ಟರೆ ಆ ಬಣ್ಣವೂ ವರ್ಷಗಟ್ಟಲೆ ಬರುತ್ತದೆ.

"ಬರದು ಕೊಡು ತಮ್ಮಾ, ಎಂಟೂ ಬಣ್ಣದ ಹೆಸರು. ನಾಳಿ ಜತ್ತಿಗೆ ಹೊಂಟೀನಿ. ಮತ್ತ ಮೈಬಣ್ಣದ ಆ ಕಂದು ಎರಡು ಬಾಟ್ಲಿ ಬರಿ. ನಾಲ್ಕಲ್ಲ, ಇಪ್ಪತ್ತು ಮಾವಳೆ ಅದಾವ ಹುಡುಗನ ಕಡೆ."