ಇನ್ನಾರು ತಿಂಗ್ಳು ತಡೀರಿ

ತಾಲ್ಲೂಕು ಅಂದಮೇಲೆ ಅಲ್ಲಿ ಒಬ್ಬ ತಹಶೀಲ್ದಾರರು, ಒಂದು ಎಪಿಎಂಸಿ, ಒಂದು ಕೆಟ್ಟು ನಿಂತ ಹೈಮಾಸ್ಟ್ ದೀಪ ಇರಲೇಬೇಕು. ಹಾಗೇ ಒಬ್ಬ ಆರ್ತಿಂಗ್ಳಣ್ಣನೂ ಇರುತ್ತಾನೆ. ಇವನನ್ನು ಸರ್ಕಾರ ನೇಮಿಸಿದ್ದಲ್ಲ, ಬಸ್‌ಸ್ಟ್ಯಾಂಡಿನ ಎದುರಿನ ಚಾದಂಗಡಿ ನೇಮಿಸಿದ್ದು. ಚನ್ನಗಿರಿಯಲ್ಲೊಬ್ಬ, ಹೊನ್ನಾಳಿಯಲ್ಲೊಬ್ಬ, ಜಗಳೂರಿನಲ್ಲೊಬ್ಬ. ನ್ಯಾಮತಿಗೆ ಮೊದಲು ಸ್ವಂತದವನು ಇರಲಿಲ್ಲ, ಹೊನ್ನಾಳಿಯವನೇ ಆಗಾಗ ಬಂದುಹೋಗುತ್ತಿದ್ದ. 2017ರ ಬಜೆಟ್ಟಿನಲ್ಲಿ 49 ಹೊಸ ತಾಲ್ಲೂಕುಗಳ ಪಟ್ಟಿಯೊಳಗೆ ನ್ಯಾಮತಿಯ ಹೆಸರು ಬಂದ ಮೇಲೆ ಅಲ್ಲಿಗೂ ಒಬ್ಬ ಪ್ರತ್ಯೇಕವಾಗಿ ಮಂಜೂರಾದ.

ವಯಸ್ಸು ಐವತ್ತರ ಆಜುಬಾಜು. ಜೇಬಿನಲ್ಲಿ ಗಾಜು ಒಡೆದ ಫೋನು, ಆ ಫೋನು ಸಾಯದಂತೆ ನೋಡಿಕೊಳ್ಳಲು ಇನ್ನೊಂದು ಜೇಬಿನಲ್ಲಿ ಪವರ್ ಬ್ಯಾಂಕು. ರಾತ್ರಿ ಎರಡರವರೆಗೆ ಯೂಟ್ಯೂಬ್ ನೋಡಿ, ಬೆಳಿಗ್ಗೆ ಆರೂವರೆಗೆ ಕೆಂಪು ಕಣ್ಣಿನಲ್ಲಿ ಅಂಗಡಿಗೆ ಬಂದು, ಯಾರಾದರೂ ಕೇಳಲಿ ಎಂದು ಸುಮ್ಮನೆ ಕೂರುತ್ತಾನೆ. ಯಾರೂ ಕೇಳದಿದ್ದರೆ ತಾನೇ ಶುರು ಮಾಡುತ್ತಾನೆ.

"ಗೌಡ್ರೇ, ಇನ್ನಾರು ತಿಂಗ್ಳು ತಡೀರಿ. ಬಸ್ಸಿಗೆ ಡ್ರೈವರೇ ಇರಂಗಿಲ್ಲ. ತಾನೇ ಬರ್ತತೆ, ತಾನೇ ಹೋಗ್ತತೆ."

"ಕಂಡಕ್ಟ್ರು?"

"ಅವ್ನೂ ಇರಂಗಿಲ್ಲ."

"ಹಂಗಾರೆ ಹಿಂದೆ ಬರ್ದು ಕೊಟ್ಟ ಚಿಲ್ರೆ ಯಾರ್ನ ಕೇಳ್ಬೇಕು?"

ಅಣ್ಣ ಇಂಥ ಸಣ್ಣ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯನವರು ಬಿಲ್ಲನ್ನೇರಿ, "ಸದ್ದಲೇ" ಎಂದು ಅಷ್ಟು ದೊಡ್ಡ ಜನಸಾಗರದ ಬಾಯಿ ಮುಚ್ಚಿಸಿ, ಒಂದೇ ಒಂದು ಮಾತು ನುಡಿದು ಕೆಳಕ್ಕೆ ಬೀಳುತ್ತಾರೆ. ಅದು ಕಾರಣಿಕ. ಮಳೆಗೆ ಹೇಳಿದ್ದೋ ಬೆಳೆಗೋ ರಾಜಕೀಯಕ್ಕೋ, ಅರ್ಥ ಹಚ್ಚಿಕೊಳ್ಳುವುದು ಕೇಳಿದವರ ಪಾಲಿನ ಕೆಲಸ. ನಮ್ಮಣ್ಣನದೂ ಕಾರಣಿಕವೇ. ಆದರೆ ಗೊರವಯ್ಯನವರು ದಿನಗಟ್ಟಲೆ ಉಪವಾಸವಿದ್ದು ವರ್ಷಕ್ಕೊಂದು ಮಾತು ನುಡಿದರೆ, ಇವನು ಮಂಡಕ್ಕಿ ಮಿರ್ಚಿ ತಿನ್ನುತ್ತಲೇ ತಾಸಿಗೊಂದು ನುಡಿಯುತ್ತಾನೆ. ಅವರು ನುಡಿದ ಮೇಲೆ ಬೀಳುತ್ತಾರೆ. ಇವನು ಬಿದ್ದದ್ದನ್ನು ಮಾತ್ರ ಈವರೆಗೆ ಕಂಡವರಿಲ್ಲ.

ಅಣ್ಣನಿಗೆ ಈ ಹುಚ್ಚು ಹಿಡಿದದ್ದು 2001ರಲ್ಲಿ. ಆ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಕಂಪನಿಯ ಇಂಜಿನಿಯರುಗಳೂ ಸೇರಿ 'ಸಿಂಪ್ಯೂಟರ್' ಎಂಬ ಅಂಗೈಯಗಲದ ಕಂಪ್ಯೂಟರ್ ತೋರಿಸಿದರು. ಬೆಲೆ ಒಂಬತ್ತು ಸಾವಿರದ ಸುತ್ತ ಇರಬೇಕು, ಓದು ಬಾರದವರಿಗೆ ಅದೇ ಅವರ ಭಾಷೆಯಲ್ಲಿ ಮಾತಾಡಿ ಹೇಳಬೇಕು ಎಂಬುದು ಅವರ ಆಸೆ. ಆಸೆ ದೊಡ್ಡದು, ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಪೇಪರಿನಲ್ಲಿ ಓದಿದ ಅಣ್ಣ ಅಂದೇ ಸಾರಿದ: "ಇನ್ನಾರು ತಿಂಗ್ಳು, ಸಂತೇಬೆನ್ನೂರಿನ ಕುರಿ ಕಾಯೋನ ಕೈಯಾಗೂ ಕಂಪ್ಯೂಟ್ರು ಇರ್ತತೆ." ಸಿಂಪ್ಯೂಟರ್ ಮಾರುಕಟ್ಟೆಗೆ ಬಂದದ್ದೇ 2004ರಲ್ಲಿ, ಮಾರಾಟವಾದದ್ದು ಕೆಲವು ಸಾವಿರ. ಈಗ ನೋಡಿದರೆ ಸಂತೇಬೆನ್ನೂರಿನ ಕುರಿ ಕಾಯುವವನ ಕೈಯಲ್ಲಿ ನಿಜಕ್ಕೂ ಕಂಪ್ಯೂಟರ್ ಇದೆ, ಕುರಿ ಒಂದು ಕಡೆ, ರೀಲ್ಸ್ ಒಂದು ಕಡೆ. ಅಣ್ಣನ ಮಾತು ಸುಳ್ಳಾಗಲಿಲ್ಲ ಎಂದೇ ಹೇಳಬೇಕು. ಹೆಸರು ತಪ್ಪಿತು, ಕಂಪನಿ ತಪ್ಪಿತು, ಹದಿನೈದು ವರ್ಷ ತಪ್ಪಿತು, ಅಷ್ಟೇ.

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತರ ಪಟ್ಟಿಯಲ್ಲಿ ದಾವಣಗೆರೆ ಬಂದಾಗ ಅಣ್ಣನಿಗೆ ನಿದ್ದೆ ಹತ್ತಲಿಲ್ಲ. ಜಿಲ್ಲಾ ಕೇಂದ್ರವೇ ಸ್ಮಾರ್ಟ್ ಆದಮೇಲೆ ತಾಲ್ಲೂಕು ಎಷ್ಟು ದಿನ ದಡ್ಡವಾಗಿ ಉಳಿದೀತು? 2021ರಲ್ಲಿ ನ್ಯಾನೊ ಯೂರಿಯಾ ಬಂತು. ಅರ್ಧ ಲೀಟರಿನ ಬಾಟಲಿ 45 ಕೆಜಿ ಚೀಲಕ್ಕೆ ಸಮ ಎಂದು ತಯಾರಕರು ಹೇಳಿದ್ದೇ ತಡ, ಗೊಬ್ಬರದ ಲಾರಿಗಳೆಲ್ಲ ಗುಜರಿಗೆ ಹೋಗುವ ದಿನವನ್ನು ಅಣ್ಣ ನ್ಯಾಮತಿಯಲ್ಲಿ ಘೋಷಿಸಿದ. ಮೆಕ್ಕೆಜೋಳದವರು ಮುಂಗಾರಿನಲ್ಲಿ ಯೂರಿಯಾ ಚೀಲಕ್ಕೆ ಈಗಲೂ ಸಾಲು ನಿಲ್ಲುತ್ತಾರೆ. ಆ ಸಾಲಿನಲ್ಲಿ ಆಧಾರ್ ಕಾರ್ಡಿನ ಜೆರಾಕ್ಸ್ ಹಿಡಿದು ಅಣ್ಣನೂ ನಿಂತಿರುತ್ತಾನೆ, ನಿಂತಲ್ಲೇ ಹಿಂದಿನವನಿಗೆ ಡ್ರೋನಿನ ವಿಷಯ ಹೇಳುತ್ತಿರುತ್ತಾನೆ.

ಇವನನ್ನು ಯಾರೂ ಹಿಡಿದು ಕೇಳುವುದಿಲ್ಲವೇ? ಕೇಳಲು ಬಿಡುವೆಲ್ಲಿ? ಆರು ತಿಂಗಳ ಗಡುವು ಮುಗಿಯುವ ಮೊದಲೇ ಮೂರನೇ ತಿಂಗಳಿಗೆ ಹೊಸದೊಂದು ಬಂದಿರುತ್ತದೆ. ಹಳೆಯದರ ಬಗ್ಗೆ ಕೇಳಿದವನು ಹಿಂದುಳಿದವನಾಗುತ್ತಾನೆ. "ಇನ್ನೂ ಅದ್ರಾಗೇ ಇದೀಯಾ ತಮ್ಮಾ?" ಎಂದು ಅಣ್ಣ ಕನಿಕರದಿಂದ ನೋಡಿದರೆ, ಕೇಳಿದವನೇ ಚಾದ ದುಡ್ಡು ಕೊಟ್ಟು ಎದ್ದುಹೋಗುತ್ತಾನೆ.

ನ್ಯಾಯವಾಗಿ ಹೇಳಬೇಕೆಂದರೆ ಅಣ್ಣ ಒಬ್ಬನೇ ಅಲ್ಲ. ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ಪಂಡಿತರು 1965ರಲ್ಲೇ, ಇಪ್ಪತ್ತು ವರ್ಷದೊಳಗೆ ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ ಯಂತ್ರ ಮಾಡುತ್ತದೆ ಎಂದು ಬರೆದಿಟ್ಟರು. ಆಮೇಲೆ ಅವರಿಗೆ ನೊಬೆಲ್ ಬಂತು, ಯಂತ್ರ ಬರಲಿಲ್ಲ. 2016ರಲ್ಲಿ ಎಐ ವಿಜ್ಞಾನಿ ಜೆಫ್ರಿ ಹಿಂಟನ್, ಇನ್ನೈದು ವರ್ಷದಲ್ಲಿ ಕಂಪ್ಯೂಟರೇ ಚೆನ್ನಾಗಿ ಸ್ಕ್ಯಾನ್ ಓದುತ್ತದೆ, ರೇಡಿಯಾಲಜಿಸ್ಟುಗಳನ್ನು ತಯಾರು ಮಾಡುವುದು ಈಗಿಂದೀಗಲೇ ನಿಲ್ಲಿಸಿ ಎಂದರು. ಅವರಿಗೂ 2024ರಲ್ಲಿ ನೊಬೆಲ್ ಬಂತು. ರೇಡಿಯಾಲಜಿ ಸೀಟಿನ ರೇಟು ಮಾತ್ರ ಇಳಿಯಲಿಲ್ಲ. ಇಲಾನ್ ಮಸ್ಕ್ 2019ರಲ್ಲಿ, ಮುಂದಿನ ವರ್ಷ ಹತ್ತು ಲಕ್ಷ ಕಾರುಗಳು ಡ್ರೈವರಿಲ್ಲದೆ ಬಾಡಿಗೆ ಓಡುತ್ತವೆ ಎಂದರು. ಅವರಿಗೆ ನೊಬೆಲ್ ಬಂದಿಲ್ಲ, ದುಡ್ಡು ಬಂತು. ಗಡುವು ತಪ್ಪಿದ್ದಕ್ಕೆ ಚಾದ ಬಿಲ್ಲಿನ ಹೊರತು ಬೇರೇನೂ ಬಾರದೇ ಇರುವುದು ನಮ್ಮಣ್ಣನಿಗೆ ಮಾತ್ರ.

ಚನ್ನಗಿರಿಯ ಅಣ್ಣನದು ಅಡಿಕೆಯ ವಿಶೇಷ ಅಧ್ಯಯನ. ಅಡಿಕೆ ಸೀಮೆಯಲ್ಲಿ ದೇವರನ್ನು ಒಲಿಸಿಕೊಳ್ಳಬಹುದು, ಕೊನೆಗಾರನನ್ನು ಒಲಿಸಿಕೊಳ್ಳುವುದು ಕಷ್ಟ. ನಲವತ್ತೈವತ್ತು ಅಡಿ ಮರ ಹತ್ತಿ ಕೊನೆ ಇಳಿಸುವವನು "ನಾಳೆ ಬರ್ತೀನಿ" ಎಂದರೆ ಯಾವ ನಾಳೆ ಎಂದು ಕೇಳುವ ಧೈರ್ಯ ತೋಟದವನಿಗಿಲ್ಲ. ಆದ್ದರಿಂದ ಮರ ಹತ್ತುವ ರೋಬೋಟ್ ಎಂದರೆ ಇಲ್ಲಿ ಎಲ್ಲರ ಕಿವಿಯೂ ನಿಮಿರುತ್ತದೆ. 2019ರಲ್ಲಿ ಬಂಟ್ವಾಳ ತಾಲ್ಲೂಕಿನ ಕೃಷಿಕರೊಬ್ಬರು ಮರ ಹತ್ತುವ ಬೈಕು ಮಾಡಿ, ಕೂತಲ್ಲೇ ಸರ್ರನೆ ತುದಿಗೆ ಏರಿದ ವಿಡಿಯೊ ಊರೂರು ತಿರುಗಿತು. ಅಣ್ಣ ಅದನ್ನು ಅಡಿಕೆ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್ ಮುಂದೆ ರೇಟು ನೋಡಲು ನಿಂತವರಿಗೆಲ್ಲ ತೋರಿಸಿದ. "ಇನ್ನಾರು ತಿಂಗ್ಳು ತಡೀರಿ, ಕೊನೆಗಾರ್ರು ನಮ್ಮ ಮನೆ ಮುಂದೆ ಬಂದು ಕೂರ್ತಾರೆ." ಈ ಮಾತು ಹೇಗೋ ಕೊನೆಗಾರನ ಕಿವಿಗೆ ಬಿತ್ತು. ಆ ವರ್ಷ ಅಣ್ಣನ ತೋಟದ ಕೊಯ್ಲು ಎಲ್ಲರದೂ ಮುಗಿದ ಮೇಲೆ ಆಯಿತು.

ತಮಾಷೆಯೆಂದರೆ ಅಡಿಕೆಗೆ ಯಂತ್ರ ಬರಲಿಲ್ಲವೆಂದಲ್ಲ. ಮನೆಮುಂದೆ ಸಾಲಾಗಿ ಕೂತು ಮೆಟ್ಟುಗತ್ತಿಯಲ್ಲಿ ಸುಲಿಯುತ್ತಿದ್ದ ಕಾಲ ಹೋಗಿ ಸುಲಿಯುವ ಮಿಷನ್ ಬಂತು. ಕಾರ್ಬನ್ ಫೈಬರ್ ದೋಟಿ ಬಂತು, ನೆಲದ ಮೇಲೆ ನಿಂತೇ ಕೊನೆ ಇಳಿಸಿದರು. ಹೊನ್ನಾಳಿ ಕಡೆ ಭತ್ತ ಕೊಯ್ಯುವ ದೊಡ್ಡ ಮಿಷನ್ನುಗಳು ಹೊರರಾಜ್ಯದಿಂದ ಬಂದು, ತಾಸಿನ ಲೆಕ್ಕದಲ್ಲಿ ಗದ್ದೆ ಬೋಳಿಸಿ ಹೋದವು. ಇವುಗಳಲ್ಲಿ ಒಂದನ್ನೂ ಅಣ್ಣ ಮುಂಚೆ ಹೇಳಿರಲಿಲ್ಲ. ರೋಬೋಟ್ ಬರುವ ದಾರಿಯನ್ನೇ ನೋಡುತ್ತಿದ್ದವನಿಗೆ ಹಿಂದಿನ ಬಾಗಿಲಿಂದ ಬಂದ ಸುಲಿಯುವ ಮಿಷನ್ ಕಾಣಲಿಲ್ಲ. ಸದ್ದು ಮಾಡಿ ಬರುವುದೇ ಬೇರೆ, ಬಂದಮೇಲೆ ಸದ್ದು ಮಾಡುವುದೇ ಬೇರೆ ಎಂದು ನನಗೊಂದು ಗುಮಾನಿ.

ಚಾದಂಗಡಿಯದ್ದೇ ನೋಡಿ. ಮಾತಾಡುವ ಯಂತ್ರಗಳ ಬಗ್ಗೆ ಅಣ್ಣ ಅರ್ಧ ತಾಸಿನಿಂದ ಹೇಳುತ್ತಿದ್ದ. ಮಧ್ಯೆ ಮಧ್ಯೆ ಗಲ್ಲಾದ ಪಕ್ಕದ ಡಬ್ಬಿ "ಹತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಕನ್ನಡದಲ್ಲಿ ಕೂಗುತ್ತಲೇ ಇತ್ತು. ಅಣ್ಣನಿಗೆ ಸಿಟ್ಟು ಬಂತು. "ಮಾರಾಯಾ, ಮೊದ್ಲು ಅದ್ರ ಬಾಯಿ ಮುಚ್ಚಿಸು, ಇಲ್ಲಿ ಟೆಕ್ನಾಲಜಿ ವಿಷ್ಯ ಮಾತಾಡಾಕತ್ತೀವಿ."

ಹೊನ್ನಾಳಿಯಲ್ಲಿ ಡ್ರೋನ್ ಬಂದದ್ದು ಮಾತ್ರ ಅಣ್ಣ ಹೇಳಿದ ಹಾಗೇ. ಔಷಧಿ ಹೊಡೆಯುವುದನ್ನು ನೋಡಲು ಊರಿಗೆ ಊರೇ ಗದ್ದೆ ಬದುವಿನ ಮೇಲೆ ನಿಂತಿತ್ತು. ಆಳಿನ ಕಾಟ ತಪ್ಪಿತು ಎಂದು ಅಣ್ಣ ಎದೆಯುಬ್ಬಿಸಿದ. ಆಮೇಲೆ ಎಣಿಸಿ ನೋಡಿದರೆ ಹಾರಿಸಲು ಒಬ್ಬ, ಬ್ಯಾಟರಿ ಬದಲಿಸಲು ಒಬ್ಬ, ಔಷಧಿ ಕಲಸಲು ಒಬ್ಬ, ಮಕ್ಕಳನ್ನು ದೂರ ಅಟ್ಟಲು ಇಬ್ಬರು. ಕೆಲಸವೇನೋ ಬೇಗ ಮುಗಿಯಿತು, ಸುಳ್ಳು ಹೇಳಬಾರದು.

ಇಷ್ಟೆಲ್ಲ ಮುಂದಿನದನ್ನು ಬಲ್ಲವನ ಮನೆ ಹೇಗಿರಬೇಕು? ಹೋಗಿ ನೋಡಿ, ದಂಗಾಗುತ್ತೀರಿ. ಡಬ್ಬಾ ಟೀವಿ. ರೆಗ್ಯುಲೇಟರ್ ಕೆಟ್ಟ ಫ್ಯಾನು. ಏನನ್ನಾದರೂ ಕೊಳ್ಳೋಣವೆಂದರೆ ಅಣ್ಣ ಬಿಡುವುದಿಲ್ಲ: "ಈಗ ತಗಂಡ್ರೆ ಮೋಸ ಹೋಗ್ತೀವಿ. ಇನ್ನಾರು ತಿಂಗ್ಳಿಗೆ ಹೊಸಾ ಮಾಡೆಲ್ ಬರ್ತತೆ, ಇದ್ರ ರೇಟು ಅರ್ಧ ಆಗ್ತತೆ." ಹೀಗೆ ತಡೆದು ತಡೆದು ಅತ್ತಿಗೆ ಎರಡು ಮಕ್ಕಳ ಬಟ್ಟೆಯನ್ನೂ ಕೈಯಲ್ಲೇ ಒಗೆದು ಅವರನ್ನು ಕಾಲೇಜಿಗೆ ಮುಟ್ಟಿಸಿದರು. ಕೊನೆಗೆ ಗೃಹಲಕ್ಷ್ಮಿಯ ಎರಡೆರಡು ಸಾವಿರ ಕೂಡಿಟ್ಟು, ಅಣ್ಣ ಚಾದಂಗಡಿಯಲ್ಲಿದ್ದ ಹೊತ್ತು ನೋಡಿ ವಾಷಿಂಗ್ ಮಿಷನ್ ತಂದು ಇಳಿಸಿಬಿಟ್ಟರು. ಅಣ್ಣ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದ್ರಾಗೆ ಎಐ ಇಲ್ಲಲ್ಲೇ" ಎಂದ.

"ಸೋಪಿನ ಪುಡಿ ಐತೆ, ಸಾಕು" ಎಂದರು ಅತ್ತಿಗೆ.

ಈಗಿನ ಕಾರಣಿಕವೆಲ್ಲ ಎಐಯದ್ದೇ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದಾಗಿನಿಂದ ಅಣ್ಣ ವಕೀಲರನ್ನು, ಮೇಷ್ಟರನ್ನು, ಡಾಕ್ಟರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸುತ್ತಿದ್ದಾನೆ. ಸಾಫ್ಟ್‌ವೇರಿನವರಿಗಂತೂ ಉಳಿಗಾಲವೇ ಇಲ್ಲ, ಕೋಡನ್ನೆಲ್ಲ ಅದೇ ಬರೆಯುತ್ತದೆ. ಹೀಗೆ ಹೇಳಿದ ಮರುದಿನವೇ ದಾವಣಗೆರೆಗೆ ಹೋಗಿ, ಮಗನಿಗೆ ಕಂಪ್ಯೂಟರ್ ಸೈನ್ಸ್ ಸೀಟೇ ಬೇಕೆಂದು ಅಡಿಕೆ ಚೇಣಿಯ ಮುಂಗಡವನ್ನೆಲ್ಲ ಕಟ್ಟಿ ಬಂದ. ಸಿವಿಲ್ ಕೊಡುತ್ತೇವೆಂದರೂ ಒಪ್ಪಲಿಲ್ಲವಂತೆ. "ಎಲ್ರೂ ಬಿಡ್ತಾರೆ ನೋಡು, ಆಗ ಇವ್ನಿಗೆ ಡಿಮ್ಯಾಂಡ್" ಎಂಬುದು ಲೆಕ್ಕ. ಈ ಲೆಕ್ಕದಲ್ಲಿ ತಪ್ಪು ಹುಡುಕಲು ನಾನು ಹೋಗುವುದಿಲ್ಲ, ಹಿಂಟನ್ ಬೇಕಾದರೆ ಹೋಗಲಿ.

ನಾಲ್ವರಲ್ಲಿ ಪಾಪ ಅನ್ನಿಸುವುದು ಜಗಳೂರಿನವನನ್ನು ಕಂಡರೆ. ಅಲ್ಲಿಯ ಜನ ಗಡುವುಗಳ ಜೊತೆ ಬೆಳೆದವರು. ತುಂಗಭದ್ರೆಯ ನೀರು ಎತ್ತಿ 57 ಕೆರೆ ತುಂಬಿಸುವ ಯೋಜನೆಯ ತಾರೀಕುಗಳು ಅವರಿಗೆ ಗೊತ್ತು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದ 5,300 ಕೋಟಿಯಂತೂ ಬಾಯಿಪಾಠ. ಮೋಡ ಬಿತ್ತನೆಯನ್ನೂ ಕೇಳಿ ಆಗಿದೆ, 2003ರಲ್ಲಿ 'ವರುಣ' ಅಂದರು, 2017ರಲ್ಲಿ 'ವರ್ಷಧಾರಿ' ಅಂದರು. ವಿಮಾನದಿಂದ ಮೋಡಕ್ಕೆ ಸಿಲ್ವರ್ ಅಯೋಡೈಡ್ ಹೊಡೆದರೆ ಮಳೆ ಗ್ಯಾರಂಟಿ ಎಂದು ಅಣ್ಣ ಕೈಯಾಡಿಸಿ ವಿವರಿಸುತ್ತಿದ್ದಾಗ, ಶೇಂಗಾ ಬಿತ್ತಲು ಮುಗಿಲು ನೋಡುತ್ತ ಕೂತಿದ್ದ ಹಿರಿಯರೊಬ್ಬರು ಕೇಳಿದ್ದರು: "ಶೇಂಗಾ ಬಿತ್ತಾಕೆ ಹೊಲ ಬೇಕು. ಮೋಡ ಬಿತ್ತಾಕೆ ಮೋಡ ಬ್ಯಾಡೇನೋ? ಅದ್ನ ಯಾರು ತರೋರು?"

ಅದೇ ಹಿರಿಯರ ಮುಂದೆ ಮೊನ್ನೆ ಅಣ್ಣ ಫೋನು ಹಿಡಿದ. "ದೊಡ್ಡಪ್ಪಾ, ಇದು ಎಲ್ಲಾ ಬಲ್ಲದು. ಕನ್ನಡದಾಗೇ ಕೇಳು, ಕನ್ನಡದಾಗೇ ಹೇಳ್ತತೆ."

ದೊಡ್ಡಪ್ಪ ಬೀಡಿ ಆರಿಸಿ, ಗಂಟಲು ಸರಿಮಾಡಿಕೊಂಡು, ಫೋನಿಗೆ ಕೇಳಿಸಲಿ ಎಂದು ದೂರದ ಹೊಲದವನನ್ನು ಕರೆಯುವ ದನಿಯಲ್ಲಿ ಕೇಳಿದರು: "ನಮ್ಮೂರ ಕೆರಿಗೆ ನೀರು ಯಾವಾಗ ಬರ್ತತೆ?"

ಫೋನು ಒಂದು ಕ್ಷಣ ತಡೆದು, ಬಹಳ ಮರ್ಯಾದೆಯಿಂದ ಹೇಳಿತು. ಇದೊಂದು ಮುಖ್ಯವಾದ ಪ್ರಶ್ನೆ. ಯೋಜನೆಯ ಕಾಮಗಾರಿ ಹಂತ ಹಂತವಾಗಿ ನಡೆಯುತ್ತಿದೆ. ಪೂರ್ಣಗೊಳ್ಳುವ ಸಮಯ ಹಲವು ಅಂಶಗಳನ್ನು ಅವಲಂಬಿಸಿದೆ. ಹೆಚ್ಚಿನ ಮಾಹಿತಿಗೆ ಸಂಬಂಧಪಟ್ಟ ಇಲಾಖೆಯನ್ನು ಸಂಪರ್ಕಿಸಿ.

ದೊಡ್ಡಪ್ಪ ಕೊನೆಯವರೆಗೂ ಕೇಳಿ, ಫೋನನ್ನು ಅಣ್ಣನ ಕೈಗೆ ವಾಪಸು ಕೊಟ್ಟರು. "ಏನ್ ಮಾತಾಡ್ತತಲೇ ಇದು! ಮುಂದ್ಲ ಸಲ ಎಲೆಕ್ಷನ್‌ಗೆ ನಿಲ್ಸು. ಠೇವಣಿ ಹೋಗಲ್ಲ."