ಮೂರನೇ ಫ್ಯೂಸಿನ ಮರಣೋತ್ತರ ಸಂದರ್ಶನ

ಲಗ್ನಪತ್ರಿಕೆ ಹಂಚಲು ಬೆಳಿಗ್ಗೆ ಗಂಗಾವತಿ ಬಿಟ್ಟ ಕಾರು ಕುಷ್ಟಗಿ, ಯಲಬುರ್ಗಾ ಸುತ್ತಿ ಕೊಪ್ಪಳ ಸೇರುವಷ್ಟರಲ್ಲಿ ಮೂರು ಬ್ಲೋವರ್ ಫ್ಯೂಸ್ ನುಂಗಿತ್ತು. ಮೇ ತಿಂಗಳ ಬಿಸಿಲು. ಗ್ಯಾರೇಜಿನ ಬೇವಿನ ಮರದಡಿ, ಮಿಸ್ತ್ರಿಯ ಅಂಗೈ ಮೇಲೆ ಮೂರನೆಯದು ಮಲಗಿತ್ತು: ಹಸಿರು ಮೈ, ಎರಡು ಚಪ್ಪಟೆ ಕಾಲು, ಎದೆಯೊಳಗೆ ತುಂಡಾದ ಎಳೆ, ಸುತ್ತ ಕಪ್ಪು ಮಸಿ.

ಹೇಗಿದ್ದೀರಿ?

ಸತ್ತೀನ್ರಿ. ಸತ್ತಮ್ಯಾಲ ನಮ್ಮನ್ನ ಹುಡುಕ್ತಾರ. ಬದುಕಿದ್ದಾಗ ಡ್ರೈವರ್ ಮೊಣಕಾಲಿನ ಮಗ್ಗಲ ಇದ್ರೂ ಮುಚ್ಚಳ ತಗದು ನೋಡೂದಿಲ್ಲ.

ನಿಮ್ಮ ಬೆನ್ನಿನ ಮೇಲೆ 30 ಅಂತ ಬರೆದಿದೆಯಲ್ಲ?

ಆಂಪಿಯರ್ ರೀ. 30 ಹಸಿರು, 20 ಹಳದಿ, 15 ನೀಲಿ, 10 ಕೆಂಪು. ನಮ್ಮಾಗ ಬಣ್ಣ ಅಂದ್ರ ತಾಕತ್ತು. ಚುನಾವಣಿ ಬಂತಂತ ಬದಲ್ಸೂದಿಲ್ಲ.

ನಮ್ಮ ಜಿಲ್ಲೆಯ ಬಿಸಿಲಿಗೆ ಹೀಟರ್ ಬ್ಲೋವರ್ ಯಾಕೆ ಬೇಕು?

ಹೀಟರ್‌ಗೂ ಎಸಿಗೂ ಗಾಳಿ ಊದೂ ಬ್ಲೋವರ್ ಒಂದ ರೀ. ಎಂಜಿನ್ ಸುತ್ತಿ ಬಂದ ಬಿಸಿನೀರು ಡ್ಯಾಶ್‌ಬೋರ್ಡ್ ಹಿಂದಿನ ಸಣ್ಣ ರೇಡಿಯೇಟರ್‌ನಾಗ ಹಾಯ್ತೈತಿ. ಅದರ ಮ್ಯಾಲ ಊದಿದ್ರ ಹೀಟರ್. ಕುಷ್ಟಗಿ ಹೆದ್ದಾರಿಯೊಳಗ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಾಕ ಹತ್ತಿದ್ರ, ತಿಳದ ಡ್ರೈವರ್ ಎಸಿ ಬಂದ್ ಮಾಡಿ ಹೀಟರ್ ಫುಲ್ ಇಡ್ತಾನ, ಗಾಡಿ ನಿಲ್ಲಸೂ ಜಾಗ ಸಿಗೂತನಕ. ಎಂಜಿನ್ ಉಳೀತೈತಿ, ಸಂಸಾರ ಬೇಯ್ತೈತಿ.

ರಿಲೇ ಮೇಲೂ ಅನುಮಾನ ಇತ್ತಂತೆ?

ಅದು ಕಚೇರಿ ಸಾಹೇಬ್ರ ಇದ್ದಂಗ. ಸ್ವಿಚ್ಚಿನ ಸಣ್ಣ ಕರೆಂಟ್ 85, 86ನೇ ಕಾಲಿನ ನಡುವಿನ ಸುರುಳಿಗೆ ಬಂದ್ರ ಟಕ್ ಅಂತ ಸಹಿ ಹಾಕತೈತಿ. 30ನೇ ಕಾಲಿನಿಂದ 87ಕ್ಕ ದೊಡ್ಡ ಕರೆಂಟ್ ಹರೀತೈತಿ. ಆದ್ರ ಟಕ್ ಅಂದಕೂಡಲೆ ಕೆಲಸ ಆತಂತ ನಂಬಬ್ಯಾಡ್ರಿ. ಒಳಗ ಪಾಯಿಂಟ್ ಸುಟ್ಟಿದ್ರೂ ಟಕ್ ಅಂತೈತಿ. ಅದೇ ನಮೂನಿ ಹಾರ್ನ್ ರಿಲೇ ಇದ್ರ ತಗದು ಹಾಕಿ ನೋಡ್ರಿ, ಸುಳ್ಳು ಹೊರಗ ಬರ್ತೈತಿ.

ಕಡೇ ಸ್ಪೀಡಿನಲ್ಲಿ ಮಾತ್ರ ಗಾಳಿ ಬಂದರೆ?

ನಾವಿಬ್ರೂ ನಿರಪರಾಧಿ. ಸಾಮಾನ್ಯವಾಗಿ ರೆಸಿಸ್ಟರ್ ಹೋಗಿರತೈತಿ.

ಹಾಗಾದರೆ ಈ ಮೂರು ಸಾವಿಗೆ ಕಾರಣ ಯಾರು?

ಇಲಿ! ಗಂಗಾವತಿ ಭತ್ತದ ಸೀಮಿ, ಕಾರು ರಾತ್ರಿ ನಿಲ್ಲೂದು ಹುಲ್ಲಿನ ಬಣವಿ ಮಗ್ಗಲ. ಇಲಿ ಹುಲ್ಲು ತಂದು ಬ್ಲೋವರ್ ಫ್ಯಾನಿನಾಗ ಗೂಡು ಕಟ್ಟೇತಿ. ತಿರಗಾಕ ಒದ್ದಾಡೂ ಮೋಟಾರು ಕರೆಂಟ್ ಜಗ್ಗತಿತ್ತು. ತಡಕೊಳ್ಳೂ ತನಕ ತಡಕೊಂಡೆ, ಆಮ್ಯಾಲ ಕರಗಿದೆ. ನಾ ಕರಗದಿದ್ರ ವೈರು ಕರಗತಿತ್ತು, ಅದರ ಹಿಂದ ಕಾರಿಗೇ ಬೆಂಕಿ.

ಮಾಲೀಕರು ಮಾತ್ರ ‘ಫ್ಯೂಸ್ ಡೂಪ್ಲಿಕೇಟ್, ಈ ಸಲ ತಂತಿ ಕಟ್ಟಿಬಿಡು’ ಅನ್ನುತ್ತಿದ್ದಾರೆ.

ಅಂತಾರ ರೀ. ಖರೇ ವರದಿ ಕೊಟ್ಟ ಅಧಿಕಾರಿನ್ನ ಎತ್ತಂಗಡಿ ಮಾಡೂದು ನಮ್ಮಲ್ಲಿ ಹೊಸದೇನು? ತಂತಿ ಒಳ್ಳೇ ನೌಕರ: ಏನೂ ಹೇಳೂದಿಲ್ಲ, ಯಾವತ್ತೂ ರಜಾ ಹಾಕೂದಿಲ್ಲ, ಮನಿ ಸುಟ್ರೂ ಸುಮ್ಮನಿರತೈತಿ.

ಕೊನೆಯ ಆಸೆ?

ನನ್ನ ಜಾಗಕ್ಕ 30ರ ಹಸಿರನ್ನ ಹಾಕ್ರಿ, 40ರ ಕೇಸರಿ ಬ್ಯಾಡ. ರಾಜಕೀಯ ಅಲ್ಲ ರೀ ಇದು, ವೈರಿಂಗ್ ತಾಕತ್ತಿನ ಮಾತು.

ಅಷ್ಟರಲ್ಲಿ ಮಿಸ್ತ್ರಿ ಗ್ಲೋವ್‌ಬಾಕ್ಸ್ ಕೆಳಗೆ ಕೈ ಹಾಕಿ ಬ್ಲೋವರ್ ಬಿಚ್ಚಿದ. ಒಂದು ಬೊಗಸೆ ಹುಲ್ಲು, ನಾಲ್ಕು ಭತ್ತದ ತೆನೆ ಮತ್ತು ಅರ್ಧ ತಿಂದ ಒಂದು ಲಗ್ನಪತ್ರಿಕೆ ಹೊರಬಂದವು. ನಾಲ್ಕನೇ ಫ್ಯೂಸ್ ಹಾಕಿದ, ಗಾಳಿ ಬಂತು.

ಓದುಗರಲ್ಲಿ ಒಂದು ವಿನಂತಿ: ಮೊದಲನೇ ಫ್ಯೂಸ್ ಹೋದರೆ ಅಷ್ಟೇ ಆಂಪಿಯರಿನದು ಹಾಕಿ. ಎರಡನೆಯದೂ ಹೋದರೆ ಮೂರನೆಯದನ್ನು ಕೊಳ್ಳಬೇಡಿ, ಇಲಿ ಹುಡುಕಿ.